ಯುರೇನಸ್‌ಗೆ ಹೊರಟವರ ಜೊತೆ ಬೆಂಗಳೂರೂ ಹೊರಡಲಿ

ಮಂಗಳವಾರ, ಶುಕ್ರವಾರ, ಭಾನುವಾರ ರಾಹುಕಾಲ ಹತ್ತಿರವಾಗುತ್ತಿದ್ದಂತೆ ಬನಶಂಕರಿ ದೇವಸ್ಥಾನದಲ್ಲಿ ಸಾಲು ಬೆಳೆಯತೊಡಗುತ್ತದೆ. ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗು ಹೊರಗು ಮಾಡಿ ಮಗುಚಿ, ಎಣ್ಣೆ ಹಾಕಿ ಬತ್ತಿ ಇಟ್ಟು ಹಚ್ಚುತ್ತಾರೆ. ರಾಹುವಿಗೆ ಶರೀರವಿಲ್ಲ, ಛಾಯಾಗ್ರಹ. ಆದರೂ ಅವನಿಗೆ ಇಷ್ಟು ಮರ್ಯಾದೆ. ಅದೇ ಸೂರ್ಯನ ಸುತ್ತ, ಭೂಮಿಯ ಹದಿನಾಲ್ಕೂವರೆ ಪಟ್ಟು ತೂಗುವ ಯುರೇನಸ್ ಮತ್ತು ಹದಿನೇಳು ಪಟ್ಟು ತೂಗುವ ನೆಪ್ಚೂನ್ ಸುತ್ತುತ್ತಿವೆ. ಅವಕ್ಕೆ ನವಗ್ರಹ ಮಂಟಪದಲ್ಲಿ ಕಲ್ಲಿಲ್ಲ, ದೀಪವಿಲ್ಲ, ಶಾಂತಿಯೂ ಇಲ್ಲ. ಜಾತಕದಲ್ಲಿ ಕಾಟ ಕೊಡದ ಗ್ರಹವನ್ನು ಯಾರು ತಾನೇ ನೆನೆಸಿಕೊಳ್ಳುತ್ತಾರೆ!

ಭಕ್ತರನ್ನು ದೂರುವ ಹಾಗಿಲ್ಲ. ವಿಜ್ಞಾನಿಗಳ ಲೋಕವೂ ಈ ಎರಡನ್ನು ಹೆಚ್ಚು ಕಡಿಮೆ ಹೀಗೆಯೇ ಮರೆತಿದೆ. ಗುರುಗ್ರಹದ ಸುತ್ತ ಗೆಲಿಲಿಯೊ ನೌಕೆ ತಿರುಗಿತು, ಜೂನೊ ತಿರುಗಿತು. ಜ್ಯೂಸ್ ಮತ್ತು ಯುರೋಪಾ ಕ್ಲಿಪ್ಪರ್ ಈಗ ದಾರಿಯಲ್ಲಿವೆ. ಶನಿಯ ಬಳಿ ಕ್ಯಾಸಿನಿ 2004ರಿಂದ 2017ರವರೆಗೆ ಹದಿಮೂರು ವರ್ಷ ಠಿಕಾಣಿ ಹೂಡಿತ್ತು. ಯುರೇನಸ್, ನೆಪ್ಚೂನ್‌ಗಳ ಹತ್ತಿರಕ್ಕೆ ಮಾತ್ರ ಮನುಷ್ಯರು ಕಳಿಸಿದ್ದು ಒಂದೇ ನೌಕೆ, ವಾಯೇಜರ್-2. ಅದೂ ನಿಲ್ಲಲಿಲ್ಲ. 1986ರ ಜನವರಿ 24ರಂದು ಯುರೇನಸ್‌ನ ಮೋಡಗಳಿಂದ ಸುಮಾರು 81,500 ಕಿ.ಮೀ. ದೂರದಲ್ಲಿ, 1989ರ ಆಗಸ್ಟ್ 25ರಂದು ನೆಪ್ಚೂನ್‌ನಿಂದ ಐದು ಸಾವಿರ ಕಿ.ಮೀ.ಗೂ ಕಡಿಮೆ ಅಂತರದಲ್ಲಿ ಹಾದುಹೋಯಿತು. ಆಮೇಲೆ ಯಾರೂ ಅತ್ತ ಹೋಗಿಲ್ಲ.

ಈಗ ಹೋಗುವ ಮಾತು ಶುರುವಾಗಿದೆ. ಅಮೆರಿಕದ ವಿಜ್ಞಾನ ಅಕಾಡೆಮಿಗಳು ಹತ್ತು ವರ್ಷಕ್ಕೊಮ್ಮೆ ಗ್ರಹಶೋಧದ ಆದ್ಯತಾ ಪಟ್ಟಿ ಮಾಡುತ್ತವೆ. 2022ರ ಏಪ್ರಿಲ್‌ನಲ್ಲಿ ಬಂದ ಪಟ್ಟಿಯಲ್ಲಿ ದೊಡ್ಡ ಯೋಜನೆಗಳ ಪೈಕಿ ಮೊದಲ ಸ್ಥಾನ ಸಿಕ್ಕಿದ್ದು ಯುರೇನಸ್‌ಗೆ: ಸುತ್ತುಹಾಕಲು ಒಂದು ನೌಕೆ, ವಾಯುಮಂಡಲದೊಳಗೆ ಇಳಿಬಿಡಲು ಒಂದು ಶೋಧಕ, ಖರ್ಚು ಅಂದಾಜು 420 ಕೋಟಿ ಡಾಲರ್. ಚೀನಾ ತನ್ನ ತಿಯಾನ್‌ವೆನ್-4 ಯೋಜನೆಯಲ್ಲಿ ಗುರುವಿನ ಕಡೆ ಹೊರಡುವ ನೌಕೆಯ ಜೊತೆಗೆ ಯುರೇನಸ್ ಪಕ್ಕದಿಂದ ಹಾದುಹೋಗುವ ಇನ್ನೊಂದನ್ನು ಕಳಿಸುವ ಲೆಕ್ಕಾಚಾರದಲ್ಲಿದೆ. ಈ ಮಾತುಕತೆಯಲ್ಲಿ ಭಾರತದ ದನಿ ಕೇಳಿಸುತ್ತಿಲ್ಲ. ಕೇಳಿಸಬೇಕು. ಸ್ವಂತ ನೌಕೆ ಕಳಿಸುತ್ತೇವೆಂದು ಎದೆ ತಟ್ಟಿಕೊಳ್ಳಲು ಅಲ್ಲ. ಹೊರಡುವವರ ನೌಕೆಯಲ್ಲಿ ಒಂದು ಉಪಕರಣಕ್ಕೆ ಜಾಗ, ಭೂಮಿಯ ಮೇಲಿನ ಕೆಲಸದಲ್ಲಿ ಒಂದು ಪಾಲು, ಇಷ್ಟನ್ನು ಕೇಳಿ ಪಡೆಯಲು. ಹಾಗೆ ಕೇಳುವ ಹಕ್ಕು ಬೆಂಗಳೂರಿಗೆ ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಇದೆ.

ಆ ಹಕ್ಕಿನ ಮೂಲ 1977ರ ಮಾರ್ಚ್ 10ರ ರಾತ್ರಿ.

ಆ ರಾತ್ರಿ ಯುರೇನಸ್ ತುಲಾ ರಾಶಿಯ ಒಂದು ಮಂಕು ನಕ್ಷತ್ರದ ಎದುರು ಹಾದುಹೋಗಬೇಕಿತ್ತು. ಗ್ರಹ ನಕ್ಷತ್ರವನ್ನು ಮರೆಮಾಡುವಾಗ ಬೆಳಕು ಕುಂದುವ ಬಗೆಯನ್ನು ಅಳೆದರೆ ಗ್ರಹದ ವ್ಯಾಸ, ಅದರ ವಾಯುಮಂಡಲದ ಉಷ್ಣತೆ ಎಲ್ಲ ಲೆಕ್ಕಕ್ಕೆ ಸಿಗುತ್ತವೆ. ಅಮೆರಿಕದ ಜೇಮ್ಸ್ ಎಲಿಯಟ್ ತಂಡ ದೂರದರ್ಶಕ ಹೊತ್ತ ವಿಮಾನವೇರಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಮೇಲೆ ಹಾರುತ್ತಿತ್ತು. ಇತ್ತ ತಮಿಳುನಾಡಿನ ಜವ್ವಾದು ಬೆಟ್ಟಗಳ ಕಾವಲೂರಿನಲ್ಲಿ, ಒಂದು ಮೀಟರ್ ವ್ಯಾಸದ ಜೈಸ್ ದೂರದರ್ಶಕಕ್ಕೆ ಬೆಳಕು ಅಳೆಯುವ ಫೋಟೊಮೀಟರ್ ಜೋಡಿಸಿಕೊಂಡು ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕೂತಿದ್ದರು. ಕಾವಲೂರು ಇರುವುದು ತಮಿಳುನಾಡಿನಲ್ಲಾದರೂ ಅದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಆಗ ಅದರ ನಿರ್ದೇಶಕರು ವೇಣು ಬಾಪು. ಮುಂದೆ ಭಟ್ಟಾಚಾರ್ಯ ಅವರೂ ಅದೇ ಕುರ್ಚಿಯಲ್ಲಿ ಕೂತರು.

ಗ್ರಹ ಯಾವ ಹೊತ್ತಿಗೆ ನಕ್ಷತ್ರವನ್ನು ಮುಟ್ಟುತ್ತದೆಂಬ ಲೆಕ್ಕ ಅಷ್ಟು ನಿಖರವಾಗಿರಲಿಲ್ಲ. ಆದ್ದರಿಂದ ದಾಖಲಿಸುವ ಯಂತ್ರವನ್ನು ಮೊದಲೇ ಚಾಲೂ ಮಾಡಬೇಕಾಯಿತು. ಆ ಮುಂಜಾಗ್ರತೆಯೇ ಕೈಹಿಡಿಯಿತು. ಗ್ರಹ ಇನ್ನೂ ದೂರವಿರುವಾಗಲೇ ನಕ್ಷತ್ರದ ಬೆಳಕು ಕೆಲವೇ ಸೆಕೆಂಡು ತಟ್ಟನೆ ಕುಸಿದು ಮತ್ತೆ ಮೇಲೆದ್ದಿತು. ವಿಮಾನದಲ್ಲಿದ್ದವರಿಗೆ ಇಂಥ ಐದು ಕುಸಿತ ಸಿಕ್ಕವು. ಗ್ರಹ ದಾಟಿದ ಮೇಲೆ ಇನ್ನೊಂದು ಮಗ್ಗುಲಲ್ಲಿ ಮತ್ತೆ ಐದು, ಹೆಚ್ಚು ಕಡಿಮೆ ಅಷ್ಟಷ್ಟೇ ದೂರದಲ್ಲಿ. ಎರಡೂ ಕಡೆ ಒಂದೇ ಅಳತೆ ಬಂದರೆ ಅದು ಉಂಗುರವಲ್ಲದೆ ಬೇರೇನೂ ಆಗಲಾರದು. ಕಾವಲೂರಿನವರು ಎದ್ದುಕಂಡ ತಮ್ಮ ಕುಸಿತವನ್ನು ಮೊದಲು ಹೊಸ ಉಪಗ್ರಹವೆಂದು ಓದಿ, ಆ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹಾಗೆಯೇ ಪ್ರಕಟಿಸಿದರು. ಬಳಿಕ ಅದೇ ದಾಖಲೆಯನ್ನು ಮತ್ತೆ ಕೆದಕಿ, ಯುರೇನಸ್ ಸುತ್ತ ಶನಿಯಂಥ ಉಂಗುರ ವ್ಯವಸ್ಥೆಯಿದೆ ಎಂಬ ಪ್ರಬಂಧವನ್ನು ಭಟ್ಟಾಚಾರ್ಯ ಮತ್ತು ಬಾಪು ಅದೇ ವರ್ಷ, ಅದೇ ಪತ್ರಿಕೆಗೆ ಬರೆದರು.

ಪಠ್ಯಪುಸ್ತಕಗಳು ಎಲಿಯಟ್ ಹೆಸರು ಹೇಳುತ್ತವೆ. ಅದು ನ್ಯಾಯವೇ. ಎರಡು ಮಗ್ಗುಲಿನ ಜೋಡಿ ಸಾಕ್ಷಿ ಇದ್ದದ್ದು ಅವರ ಕೈಯಲ್ಲಿ. ಆದರೆ ಶನಿಯೊಂದಕ್ಕೇ ಉಂಗುರವೆಂದು ಜಗತ್ತೆಲ್ಲ ನಂಬಿದ್ದ ಕಾಲದಲ್ಲಿ, ಇನ್ನೊಂದು ಗ್ರಹದ ಉಂಗುರ ಬಿಟ್ಟ ಗುರುತನ್ನು ಆ ಮೊದಲ ರಾತ್ರಿಯೇ ಹಿಡಿದಿಟ್ಟುಕೊಂಡ ಬೆರಳೆಣಿಕೆಯ ಜಾಗಗಳಲ್ಲಿ ಕಾವಲೂರೂ ಒಂದು. ಇದನ್ನು ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಹೇಳುತ್ತಾರೋ ಏನೋ.

ಅದಾಗಿ ಐದು ತಿಂಗಳಿಗೆ, ಆಗಸ್ಟ್ 20ರಂದು, ವಾಯೇಜರ್-2 ಹಾರಿತು. ಅಧಿಕೃತವಾಗಿ ಅದರ ಕೆಲಸ ಗುರು ಮತ್ತು ಶನಿಗೆ ಮುಗಿಯುತ್ತಿತ್ತು. ಯುರೇನಸ್, ನೆಪ್ಚೂನ್ ಆಮೇಲೆ ಕೂಡಿಸಿದ್ದು. ಶನಿಯನ್ನು ದಾಟುವಾಗ ಕ್ಯಾಮೆರಾ ಹೊತ್ತ ತಿರುಗುಮಣೆ ಕಚ್ಚಿಕೊಂಡಿತು. ಯುರೇನಸ್ ಬಳಿ ಬಿಸಿಲು ಭೂಮಿಯ ಮೇಲಿನದರ 370ರಲ್ಲಿ ಒಂದು ಪಾಲು ಮಾತ್ರ. ಅಂಥ ಮಬ್ಬಿನಲ್ಲಿ ಚಿತ್ರ ತೆಗೆಯಲು ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ಬಿಟ್ಟಿರಬೇಕು, ಓಡುವ ನೌಕೆಯಲ್ಲಿ ಚಿತ್ರ ಕಲೆಸಿಹೋಗುತ್ತದೆ. ಎಂಜಿನಿಯರುಗಳು ಇಡೀ ನೌಕೆಯನ್ನೇ ನಿಧಾನವಾಗಿ ತಿರುಗಿಸುತ್ತ ಗುರಿ ಹಿಡಿದರು. ಚಿತ್ರಗಳನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನವನ್ನು ದಾರಿಯ ನಡುವೆಯೇ ಅದರ ಕಂಪ್ಯೂಟರಿಗೆ ಕಲಿಸಿದರು. ಕ್ಷೀಣ ಸಂಕೇತ ಹಿಡಿಯಲು ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದ ಸಹಾಯ ಪಡೆದರು. ಈ ಕೊನೆಯ ವಿವರ ಬೆಂಗಳೂರಿಗೆ ಮುಖ್ಯ. ಅದು ಮುಂದೆ ಬರುತ್ತದೆ.

ಇಷ್ಟೆಲ್ಲ ಮಾಡಿ ಕಂಡದ್ದೇನು? 98 ಡಿಗ್ರಿ ವಾಲಿ, ಅಡ್ಡ ಮಲಗಿಕೊಂಡೇ 84 ವರ್ಷಕ್ಕೊಮ್ಮೆ ಸೂರ್ಯನಿಗೆ ಉರುಳುಸೇವೆ ಮಾಡುವ ಗ್ರಹ. ಅದರ ಕಾಂತಕ್ಷೇತ್ರ ತಿರುಗುವ ಅಕ್ಷದಿಂದ 59 ಡಿಗ್ರಿ ಓರೆ, ಸಾಲದ್ದಕ್ಕೆ ಗ್ರಹದ ನಡುವಿನಿಂದಲೂ ಪಕ್ಕಕ್ಕೆ ಸರಿದದ್ದು. ಮಿರಾಂಡಾ ಎಂಬ ಐನೂರು ಕಿ.ಮೀ. ವ್ಯಾಸವೂ ಇಲ್ಲದ ಪುಟ್ಟ ಉಪಗ್ರಹದ ಮೇಲೆ ಹಲವು ಕಿ.ಮೀ. ಎತ್ತರದ ಕಡಿದಾದ ಬಂಡೆ. ನೆಪ್ಚೂನ್‌ನ ಟ್ರೈಟನ್ ಮೇಲೆ, ಸೊನ್ನೆಗಿಂತ 235 ಡಿಗ್ರಿ ಕೆಳಗಿನ ಚಳಿಯಲ್ಲೂ, ನೈಟ್ರೋಜನ್ ಚಿಮ್ಮುವ ಬುಗ್ಗೆಗಳು. ಈ ಎರಡು ಗ್ರಹಗಳನ್ನು ಹಿಮದೈತ್ಯ ಎಂದು ಕರೆಯುತ್ತಾರಾದರೂ ಒಳಗೆ ಫ್ರಿಜ್ಜಿನ ಐಸಿಲ್ಲ. ನೀರು, ಅಮೋನಿಯ, ಮೀಥೇನ್ ಭಾರೀ ಒತ್ತಡದಲ್ಲಿ ಕುದಿದು ದಟ್ಟ ದ್ರವವಾಗಿವೆ.

ವಾಯೇಜರ್ ಯುರೇನಸ್ ದಾಟಿದ ನಾಲ್ಕನೆಯ ದಿನ ಚಾಲೆಂಜರ್ ನೌಕೆ ಸ್ಫೋಟಿಸಿ ಏಳು ಮಂದಿ ಸತ್ತರು. ಪತ್ರಿಕೆಗಳ ಮುಖಪುಟ ಅತ್ತ ತಿರುಗಿತು.

ಒಂದೇ ಒಂದು ಸಲ ಕಂಡದ್ದನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದು ಈಗೀಗ ಒಂದೊಂದಾಗಿ ಹೊರಬರುತ್ತಿದೆ. ಯುರೇನಸ್‌ನ ಕಾಂತಕ್ಷೇತ್ರ ಆವರಿಸಿದ ಕಾಂತಗೋಲದಲ್ಲಿ ವಿದ್ಯುದಾವಿಷ್ಟ ಅನಿಲ ಇಲ್ಲವೇ ಇಲ್ಲವೆಂಬಷ್ಟು ಕಡಿಮೆ ಎಂದು ವಾಯೇಜರ್ ಹೇಳಿತ್ತು. ಮೂವತ್ತೆಂಟು ವರ್ಷ ಎಲ್ಲರೂ ಅದನ್ನೇ ಪಾಠ ಮಾಡಿದರು. 2024ರಲ್ಲಿ ಹಳೆಯ ಅಂಕಿಗಳನ್ನು ಮತ್ತೆ ತೆಗೆದು ನೋಡಿದಾಗ ತಿಳಿದದ್ದು ಬೇರೆ: ನೌಕೆ ತಲಪುವ ಸ್ವಲ್ಪ ಮುಂಚೆ ಸೌರಮಾರುತದ ಅಬ್ಬರ ಆ ಕಾಂತಗೋಲವನ್ನು ಅಮುಕಿಬಿಟ್ಟಿತ್ತು. ಅಂಥ ಸ್ಥಿತಿ ಇರುವುದು ಒಟ್ಟು ಕಾಲದ ಶೇ 4ರಷ್ಟು ಮಾತ್ರವಂತೆ. ಒಳಗಿನಿಂದ ಶಾಖವೇ ಹೊಮ್ಮುವುದಿಲ್ಲ ಎಂದುಕೊಂಡಿದ್ದ ಗ್ರಹ, ಸೂರ್ಯನಿಂದ ಪಡೆಯುವುದಕ್ಕಿಂತ ಶೇ 12ರಿಂದ 15ರಷ್ಟು ಹೆಚ್ಚು ಶಾಖ ಹೊರಬಿಡುತ್ತದೆ ಎಂದು 2025ರ ಅಧ್ಯಯನಗಳು ಹೇಳಿದವು. ಅದರ ದಿನದ ಉದ್ದವೂ ತಪ್ಪಿತ್ತು. ಹಬಲ್ ದೂರದರ್ಶಕದ ಅಳತೆಯ ಪ್ರಕಾರ 17 ಗಂಟೆ 14 ನಿಮಿಷ 52 ಸೆಕೆಂಡು, ವಾಯೇಜರ್ ಹೇಳಿದ್ದಕ್ಕಿಂತ 28 ಸೆಕೆಂಡು ಜಾಸ್ತಿ. 28 ಸೆಕೆಂಡು ಏನು ಮಹಾ ಅನ್ನಿಸಬಹುದು. ದಿನಕ್ಕೆ ಅಷ್ಟಷ್ಟು ಕೂಡುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಆ ಗ್ರಹದ ರೇಖಾಂಶಗಳೆಲ್ಲ ಅಡಿಮೇಲಾಗುತ್ತವೆ; ಕಾಂತಧ್ರುವ ಯಾವ ಮಗ್ಗುಲಿಗಿದೆ ಎಂದು ಹೇಳಲೂ ಆಗುವುದಿಲ್ಲ.

ಸೌರಮಾರುತದ ಮಾತು ಬಂದಾಗ ಉಡುಪಿಯ ಅದಮಾರಿನ ಯು.ಆರ್. ರಾವ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಸೂರ್ಯನಿಂದ ಬೀಸುವ ಈ ಗಾಳಿಗೆ ಬಿಡುವೇ ಇಲ್ಲ ಎಂಬುದನ್ನು ಮ್ಯಾರಿನರ್-2 ನೌಕೆಯ ದಾಖಲೆಗಳಿಂದ ಸ್ಥಾಪಿಸಿದವರಲ್ಲಿ ಅವರೊಬ್ಬರು. ಅಮೆರಿಕದ ಪಯೊನಿಯರ್ ನೌಕೆಗಳಲ್ಲಿ ಅವರ ಪ್ರಯೋಗಗಳಿದ್ದವು. ಅಂದರೆ ಬೇರೆ ದೇಶದ ನೌಕೆಯಲ್ಲಿ ಕನ್ನಡಿಗರೊಬ್ಬರ ಉಪಕರಣ ಹೋಗುವುದು ಹೊಸದಲ್ಲ, ಅದು ಇಸ್ರೊ ಹುಟ್ಟುವುದಕ್ಕಿಂತ ಹಳೆಯ ಕಥೆ.

ಅತಿಥಿಯಾಗಿ ಹೋಗುವುದರಲ್ಲಿ ಸಣ್ಣತನವೇನೂ ಇಲ್ಲ. 2008ರಲ್ಲಿ ಚಂದ್ರಯಾನ-1 ಹೊತ್ತೊಯ್ದ 11 ಉಪಕರಣಗಳಲ್ಲಿ ಆರು ಹೊರದೇಶಗಳವು. ಚಂದ್ರನ ಮೇಲೆ ನೀರಿನ ಅಣುಗಳಿವೆ ಎಂದು ಜಗತ್ತಿಗೆ ತಿಳಿಸಿದ್ದು ಅವುಗಳ ಪೈಕಿ ನಾಸಾದ ಒಂದು ಉಪಕರಣ. ಕೀರ್ತಿ ಇಬ್ಬರಿಗೂ ಬಂತು. ಶನಿಯ ಟೈಟನ್ ಮೇಲೆ 2005ರಲ್ಲಿ ಇಳಿದ ಹೈಗನ್ಸ್ ಶೋಧಕ ಯುರೋಪಿನದು, ಅದನ್ನು ಹೊತ್ತು ತಂದ ಕ್ಯಾಸಿನಿ ಅಮೆರಿಕದ್ದು. ನಾವು ಆತಿಥ್ಯ ಕೊಟ್ಟಾಗಿದೆ. ಇನ್ನು ಪಡೆಯುವ ಸರದಿ.

ಒಂಟಿಯಾಗಿ ಹೋಗಲು ಇರುವ ತೊಡಕುಗಳನ್ನು ಮುಚ್ಚಿಡುವುದೂ ಬೇಡ. ಯುರೇನಸ್ ಇರುವ 290 ಕೋಟಿ ಕಿ.ಮೀ. ದೂರದಲ್ಲಿ ಸೌರಫಲಕ ಕಟ್ಟಿಕೊಂಡು ಕೆಲಸ ನಡೆಸುವುದು ಬಹಳ ಕಷ್ಟ. ಪ್ಲುಟೋನಿಯಂ-238ರ ಶಾಖದಿಂದ ವಿದ್ಯುತ್ ಮಾಡುವ ಯಂತ್ರ ಬೇಕು. ಆ ಪ್ಲುಟೋನಿಯಂ ಅಮೆರಿಕದಲ್ಲೇ ಸಾಕಷ್ಟಿಲ್ಲ. ಭಾರತ ಈಗಷ್ಟೇ ಅಂಬೆಗಾಲಿಡುತ್ತಿದೆ: ಚಂದ್ರಯಾನ-3ರ ನೋದಕ ಘಟಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಮಾಡಿಕೊಟ್ಟ, ತಲಾ ಒಂದು ವಾಟ್‌ನ ಎರಡು ಪರಮಾಣು ಶಾಖಘಟಕಗಳು ಇದ್ದವು. ವಾಯೇಜರ್ ಹೊರಟಾಗ ಅದರಲ್ಲಿದ್ದದ್ದು 470 ವಾಟ್ ವಿದ್ಯುತ್ತು. ಹಣದ ವಿಷಯಕ್ಕೆ ಬಂದರೆ, 2025-26ರಲ್ಲಿ ನಮ್ಮ ಇಡೀ ಬಾಹ್ಯಾಕಾಶ ಇಲಾಖೆಗೆ ಕೊಟ್ಟದ್ದು 13,400 ಕೋಟಿ ರೂಪಾಯಿ ಚಿಲ್ಲರೆ. ಯುರೇನಸ್ ಯೋಜನೆಯೊಂದಕ್ಕೇ ಅದರ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಗಗನಯಾನ, ಶುಕ್ರಯಾನ, ಚಂದ್ರನಿಂದ ಮಣ್ಣು ತರುವ ಚಂದ್ರಯಾನ-4 ಕೈಯಲ್ಲಿರುವಾಗ ಇದನ್ನು ಹೆಗಲಿಗೆ ಹಾಕಿಕೊಳ್ಳಿ ಎಂದು ಯಾರೂ ಹೇಳಲಾರರು.

ಆದರೆ ಹತ್ತು-ಹದಿನೈದು ಕಿಲೊ ತೂಕದ ಒಂದು ಉಪಕರಣ? ಅದು ಖಂಡಿತ ಆಗುವ ಮಾತು. ಮಂಗಳಯಾನದ ಐದೂ ಉಪಕರಣಗಳ ಒಟ್ಟು ತೂಕ ಅಷ್ಟೇ ಇತ್ತು. ಕಾವಲೂರಿನಲ್ಲಿ ಯುರೇನಸ್ ನೋಡಿದ ಅದೇ ಖಭೌತ ಸಂಸ್ಥೆ ಆದಿತ್ಯ-ಎಲ್1ರ ಮುಖ್ಯ ಉಪಕರಣವನ್ನು ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿಕೊಟ್ಟಿದೆ. ಆ ಉಪಕರಣದ ಯೋಚನೆ ಮೊಳೆತದ್ದು 2008ರಲ್ಲಿ, ಹಾರಿದ್ದು 2023ರ ಸೆಪ್ಟೆಂಬರ್ 2ರಂದು. ಹದಿನೈದು ವರ್ಷ. ಯುರೇನಸ್ ನೌಕೆ 2030ರ ದಶಕದ ನಡುವಿನಲ್ಲಿ ಹೊರಡುವುದಾದರೆ, ಅದರಲ್ಲಿ ಕೂರಬೇಕಾದ ಭಾರತದ ಉಪಕರಣದ ನಕಾಶೆ ಈಗಾಗಲೇ ಯಾರದಾದರೂ ಮೇಜಿನ ಮೇಲಿರಬೇಕಿತ್ತು.

ಗಡುವನ್ನು ಇಡುವವರು ಅಧಿಕಾರಿಗಳಲ್ಲ, ಆಕಾಶವೇ. ಗುರುವಿನ ಗುರುತ್ವದಿಂದ ತಳ್ಳು ಪಡೆಯುವ ಅನುಕೂಲ ಹದಿಮೂರು-ಹದಿನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಮೊದಲ ಲೆಕ್ಕದಲ್ಲಿ 2031-32ಕ್ಕೆ ಹೊರಟು 2040ರ ದಶಕದ ನಡುವಿಗೆ ತಲಪುವುದೆಂದಿತ್ತು; ಅದು ಈಗಾಗಲೇ ಹಿಂದೆ ಬಿದ್ದಿದೆ. ವಾಯೇಜರ್ ಹೋದಾಗ ಯುರೇನಸ್‌ನ ದಕ್ಷಿಣ ಧ್ರುವ ಸೂರ್ಯನಿಗೆ ಮುಖ ಮಾಡಿತ್ತು. ಅದರ ಉಪಗ್ರಹಗಳ ಉತ್ತರಾರ್ಧ ಪೂರಾ ಕತ್ತಲು. ಆ ಅರ್ಧವನ್ನು ಮನುಷ್ಯರು ಇನ್ನೂ ನೋಡಿಯೇ ಇಲ್ಲ. ಈಗ ಅಲ್ಲಿ ಬೆಳಕಿದೆ. 2050ರ ಹೊತ್ತಿಗೆ ವಿಷುವ ಬಂದು, ಬಳಿಕ ಆ ಕಡೆ ಮತ್ತೆ ಕತ್ತಲು ಕವಿಯತೊಡಗುತ್ತದೆ. ಆ ರಾತ್ರಿ ಮುಗಿಯಲು 42 ವರ್ಷ. ಇದರ ಮೇಲೆ 2025ರಲ್ಲಿ ನಾಸಾದ ವಿಜ್ಞಾನ ಬಾಬತ್ತನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುವ ಪ್ರಸ್ತಾವವೂ ಅಲ್ಲಿನ ಸರ್ಕಾರದಿಂದ ಬಂತು. ಇಂಥ ಹೊತ್ತಿನಲ್ಲಿ ಪಾಲುದಾರರು ಮುಂದೆ ಬಂದರೆ ಬೇಡವೆನ್ನುವವರು ಕಡಿಮೆ. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಾರದು.

ದೂರದ ಗ್ರಹ ನೋಡಿ ನಮಗೇನಾಗಬೇಕು ಎಂಬ ಪ್ರಶ್ನೆ ಇದ್ದೇ ಇದೆ. ಸೌರಮಂಡಲದಾಚೆ ಈವರೆಗೆ ಪತ್ತೆಯಾದ ಗ್ರಹಗಳು ಆರು ಸಾವಿರ ದಾಟಿವೆ. ಅವುಗಳಲ್ಲಿ ನೆಪ್ಚೂನ್‌ನಷ್ಟು, ಇಲ್ಲವೇ ಅದಕ್ಕಿಂತ ಚಿಕ್ಕದಾಗಿ ಭೂಮಿಗಿಂತ ದೊಡ್ಡದಾಗಿ ಇರುವವೇ ಹೇರಳ. 2018ರಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ ದೂರದರ್ಶಕದಿಂದ ತೂಕ ಹಾಕಿದ ಹೊರಗ್ರಹವೂ ಹೆಚ್ಚು ಕಡಿಮೆ ಇದೇ ಬಗೆಯದು, ನೆಪ್ಚೂನ್‌ಗಿಂತ ಸ್ವಲ್ಪ ದೊಡ್ಡದು. ಭೂಮಿಯ 27 ಪಟ್ಟು ಭಾರ. ವಿಶ್ವದಲ್ಲಿ ಇಷ್ಟು ಸಾಮಾನ್ಯವಾದ ಜಾತಿಯ ಎರಡು ಮಾದರಿಗಳು ನಮ್ಮ ಹಿತ್ತಲಲ್ಲೇ ಇರುವಾಗ ಅವುಗಳ ಹೊಟ್ಟೆಯಲ್ಲೇನಿದೆ ಎಂದು ಗೊತ್ತಿಲ್ಲದೆ, ನೂರಾರು ಜ್ಯೋತಿರ್ವರ್ಷ ದೂರದವುಗಳ ಬಗ್ಗೆ ಪ್ರಬಂಧ ಬರೆಯುತ್ತಿರುವುದು ವಿಚಿತ್ರವಾಗಿದೆ.

ಇನ್ನು ವಾಯೇಜರ್‌ನ ಕ್ಷೀಣ ಸಂಕೇತ ಹಿಡಿಯಲು ನೆರವಾದ ಪಾರ್ಕ್ಸ್ ವಿಷಯ. ಅಂಥದೇ ನೆರವು ಬೆಂಗಳೂರಿನಿಂದಲೂ ಸಾಧ್ಯ. ಬನಶಂಕರಿಯಿಂದ ಹೊರಟು, ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿ ಒಳಗೆ ಹೋದರೆ ಬ್ಯಾಲಾಳು ಸಿಗುತ್ತದೆ. ಅಲ್ಲಿ 32 ಮೀಟರ್ ಅಗಲದ ಬಿಳಿ ತಟ್ಟೆಯೊಂದು ಆಕಾಶಕ್ಕೆ ಮುಖ ಮಾಡಿ ನಿಂತಿದೆ, ಪಕ್ಕದಲ್ಲಿ 18 ಮೀಟರಿನದು ಇನ್ನೊಂದು. ಚಂದ್ರಯಾನ-1ಕ್ಕಾಗಿ 2008ರಲ್ಲಿ ಸಜ್ಜಾದ ಈ ಆ್ಯಂಟೆನಾಗಳೇ ಮಂಗಳಯಾನದ ಮಾತು ಕೇಳಿಸಿಕೊಂಡವು. ಯುರೇನಸ್‌ನಿಂದ ಹೊರಟ ರೇಡಿಯೊ ಅಲೆ ಇಲ್ಲಿಗೆ ಬರಲು ಎರಡೂ ಮುಕ್ಕಾಲು ಗಂಟೆ ಬೇಕು. ಬರುವಷ್ಟರಲ್ಲಿ ಅದು ತೀರಾ ಸೊರಗಿರುತ್ತದೆ. ಹಲವು ತಟ್ಟೆಗಳು ಒಟ್ಟಿಗೆ ಕಿವಿಗೊಟ್ಟರೆ ಮಾತ್ರ ಹೆಚ್ಚು ಚಿತ್ರ, ಹೆಚ್ಚು ಮಾಹಿತಿ. ಅಮೆರಿಕದ ಆಳ ಅಂತರಿಕ್ಷ ಜಾಲದ ಮೂರು ಕೇಂದ್ರಗಳಿರುವುದು ಕ್ಯಾಲಿಫೋರ್ನಿಯಾ, ಸ್ಪೇನ್, ಆಸ್ಟ್ರೇಲಿಯಾದಲ್ಲಿ. ಬ್ಯಾಲಾಳು ಇರುವುದು ಕೊನೆಯ ಎರಡರ ನಡುವಿನ ರೇಖಾಂಶದಲ್ಲಿ. ಚಂದ್ರಯಾನ-3ಕ್ಕೆ ಅವರ ಆ್ಯಂಟೆನಾಗಳು ನೆರವಾದವು. ಆ ಋಣ ತೀರಿಸಲು, ಜೊತೆಗೆ ಮಾಹಿತಿಯಲ್ಲಿ ಪಾಲು ಕೇಳಲು ಇದೊಂದು ದಾರಿ.

ಇಂಥ ಕೆಲಸಕ್ಕೆ ಕೈಗಳಿಗೆ ಬರವಿಲ್ಲ. ಬನಶಂಕರಿ ಮೂರನೆಯ ಹಂತದ ವರ್ತುಲ ರಸ್ತೆಯಲ್ಲಿರುವ ಪಿಇಎಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ ಕಟ್ಟಿದ ಐದು ಕಿಲೊ ಚಿಲ್ಲರೆ ತೂಕದ ಪೈಸ್ಯಾಟ್ ಉಪಗ್ರಹ 2016ರ ಸೆಪ್ಟೆಂಬರ್ 26ರಂದು ಪಿಎಸ್ಎಲ್‌ವಿ ಏರಿ ಕಕ್ಷೆ ಸೇರಿತ್ತು. ಅಲ್ಲಿ ಈಗ ಕಲಿಯುತ್ತಿರುವ ಇಪ್ಪತ್ತರ ಹರೆಯದವರು, ಯುರೇನಸ್ ನೌಕೆ ಗುರಿ ಮುಟ್ಟುವ ಕಾಲಕ್ಕೆ ನಲವತ್ತು ದಾಟಿರುತ್ತಾರೆ. ವಾಯೇಜರಿನ ಮುಖ್ಯ ವಿಜ್ಞಾನಿ ಎಡ್ ಸ್ಟೋನ್ ಆ ಹೊಣೆ ಹೊತ್ತದ್ದು 1972ರಲ್ಲಿ, ಇಳಿಸಿದ್ದು 2022ರಲ್ಲಿ. ನಮ್ಮಲ್ಲಿ ಮೂರು ವರ್ಷದ ಪ್ರಾಜೆಕ್ಟು, ಎರಡು ವರ್ಷದ ವಿಸ್ತರಣೆ ಎಂಬ ಲೆಕ್ಕದಲ್ಲೇ ಸಂಶೋಧಕರ ನೇಮಕಾತಿ ನಡೆಯುತ್ತದೆ. ಮೂವತ್ತು ವರ್ಷ ಒಂದೇ ಗ್ರಹಕ್ಕೆ ಅಂಟಿಕೊಂಡಿರಲು ಯುವಕ-ಯುವತಿಯರನ್ನು ಕರೆಯುವುದಾದರೆ ಈ ಪದ್ಧತಿ ಬದಲಾಗದೆ ವಿಧಿಯಿಲ್ಲ. ಉಪಕರಣ ಮಾಡುವುದಕ್ಕಿಂತ ಇದೇ ಕಷ್ಟದ ಕೆಲಸ ಇರಬಹುದು.

ಉಪಕರಣಕ್ಕೆ ಕರೆ ಬರುವತನಕ ಮಾಡಬಹುದಾದ ಕೆಲಸವೂ ಒಂದಿದೆ. 2025ರ ಏಪ್ರಿಲ್ 7ರಂದು ಯುರೇನಸ್ ಮತ್ತೊಂದು ನಕ್ಷತ್ರವನ್ನು ಸುಮಾರು ಒಂದು ಗಂಟೆ ಮರೆಮಾಡಿತು. ಉತ್ತರ ಅಮೆರಿಕದ ಪಶ್ಚಿಮ ಭಾಗದ 18 ವೀಕ್ಷಣಾಲಯಗಳು ಒಟ್ಟಿಗೆ ಅದನ್ನು ಅಳೆದವು. ವಾಯುಮಂಡಲದ ಉಷ್ಣತೆ ಈಗ ಎಷ್ಟಿದೆ, ಉಂಗುರಗಳು ಕರಾರುವಾಕ್ಕಾಗಿ ಎಲ್ಲಿವೆ ಎಂಬುದು ನೌಕೆ ನಡೆಸುವವರಿಗೆ ಮೊದಲೇ ತಿಳಿದಿರಬೇಕು. ಕಾವಲೂರಿನಲ್ಲಿ 1977ರಲ್ಲಿ ಬಳಸಿದ್ದೂ ಇದೇ ವಿಧಾನ. ಅಂದಿನ ಒಂದು ಮೀಟರ್ ದೂರದರ್ಶಕದ ಜೊತೆ ಇಂದು ಅಲ್ಲೇ 2.3 ಮೀಟರಿನದಿದೆ, ಲಡಾಖಿನ ಹಾನ್ಲೆಯಲ್ಲಿ ಎರಡು ಮೀಟರಿನದನ್ನು ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಭಾರತದ ರಾತ್ರಿಗೆ ಒದಗುವ ಇಂಥ ಮರೆಗಳ ಪಟ್ಟಿ ಮಾಡಿ, ಈ ಮೂರನ್ನೂ ಅತ್ತ ತಿರುಗಿಸಿ, ಬಂದ ಅಂಕಿಗಳನ್ನು ಯುರೇನಸ್ ತಂಡದ ಮುಂದಿಡಲು ಹೊಸ ಕಟ್ಟಡ ಬೇಡ, ಸಂಪುಟದ ಒಪ್ಪಿಗೆಯೂ ಬೇಡ. ದೂರದರ್ಶಕದ ವೇಳಾಪಟ್ಟಿಯಲ್ಲಿ ಕೆಲವು ರಾತ್ರಿಗಳನ್ನು ಅದಕ್ಕೆಂದು ಬಿಟ್ಟುಕೊಟ್ಟರಾಯಿತು.